ನಮ್ಮ ವಕೀಲರು ಚಿಕ್ಕಪ್ಪನನ್ನು ‘ವಿಶ್ವಾಸಾರ್ಹ’ ಅಂತ ಬರೆದಿದ್ದಾರಾ? ಫಿಡ್ಯೂಷಿಯರಿ ಅಂದರೆ ಏನು?

ಹೊಸನಗರದವಳು ಕೇಳಿದ್ದು:

ನಮ್ಮದು ಹೊಸನಗರ ತಾಲೂಕು, ಎರಡೂವರೆ ಎಕರೆ ಅಡಿಕೆ ತೋಟ. ಅಪ್ಪಯ್ಯ ತೀರಿಕೊಂಡಿದ್ದು 2009ರ ಆಷಾಢದಲ್ಲಿ. ನಾನು ಮದುವೆಯಾಗಿ ಶಿವಮೊಗ್ಗಕ್ಕೆ ಬಂದಾಗಿತ್ತು, ತಮ್ಮ ಬೆಂಗಳೂರಲ್ಲಿ ಓದುತ್ತಿದ್ದ. ಅಮ್ಮ ಒಬ್ಬಳೇ ಆ ಮಳೆಯಲ್ಲಿ ತೋಟ ನೋಡಿಕೊಳ್ಳುವುದು ಆಗದ ಮಾತು. ಚಿಕ್ಕಪ್ಪ ಬಂದು “ನಾನಿಲ್ವಾ ಅತ್ತಿಗೆ” ಅಂದರು. ಆ ಒಂದು ಮಾತಿಗೆ ನಾವು ಮೂವರೂ ಸಹಿ ಹಾಕಿ ಅವರ ಹೆಸರಿಗೆ ಜನರಲ್ ಪವರ್ ಆಫ್ ಅಟಾರ್ನಿ, ಅಂದರೆ ನಮ್ಮ ಪರವಾಗಿ ವ್ಯವಹಾರ ಮಾಡುವ ಅಧಿಕಾರಪತ್ರ, ಮಾಡಿಕೊಟ್ಟೆವು.

ಅಡಿಕೆ ಕೊನೆ (ಗೊನೆ) ತೆಗೆಸುವುದು, ಬೇಯಿಸುವುದು, ಮಂಡಿಗೆ ಹಾಕುವುದು ಎಲ್ಲ ಅವರದೇ. ಮೊದಲ ಎರಡು ವರ್ಷ ಮಂಡಿಯ ಚೀಟಿ ತಂದು ಅಮ್ಮನ ಎದುರಿಗಿಟ್ಟು ಅಡಿಕೆಯ ದರ್ಜೆವಾರು ರಾಶಿ ಇಷ್ಟು, ಬೆಟ್ಟೆ ಇಷ್ಟು, ಗೊರಬಲು ಇಷ್ಟು ಅಂತ ಓದಿ ಹೇಳುತ್ತಿದ್ದರು. ಮೂರನೇ ವರ್ಷದಿಂದ ಚೀಟಿ ನಿಂತಿತು. ದುಡ್ಡು ಬರುತ್ತದೆ, ಯುಗಾದಿ ಹೊತ್ತಿಗೆ, ಅವರಿಗೆ ತೋಚಿದಷ್ಟು. ಇನ್ನೊಂದು ವಿಷಯ. ಪೇಟೆಯಲ್ಲಿ ಅಪ್ಪಯ್ಯ ಬಾಡಿಗೆಗೆ ಹಿಡಿದಿದ್ದ ಒಂದು ಮಳಿಗೆ ಇತ್ತು. ಕರಾರು ಮುಗಿದಾಗ ಮಾಲೀಕರು “ಹೆಂಗಸರ ಹೆಸರಿಗೆ ಮಾಡಲ್ಲ” ಅಂದರಂತೆ, ಚಿಕ್ಕಪ್ಪ ತಮ್ಮದೇ ಹೆಸರಿಗೆ ಮಾಡಿಸಿಕೊಂಡರು. ಈಗ ಅದನ್ನು ಬೇರೆಯವರಿಗೆ ಕೊಟ್ಟು ಹೆಚ್ಚಿನ ಬಾಡಿಗೆ ತೆಗೆದುಕೊಳ್ಳುತ್ತಿದ್ದಾರೆ.

ಹೋದ ತಿಂಗಳು ತಮ್ಮ ಹಠ ಹಿಡಿದು ವಕೀಲರ ಹತ್ತಿರ ಕರೆದುಕೊಂಡು ಹೋದ. ಅವರು ಇಂಗ್ಲಿಷಿನಲ್ಲಿ ನೋಟಿಸಿನ ಕರಡು ಮಾಡಿ, ಓದಿ ಒಪ್ಪಿಗೆ ಕೊಡಿ ಅಂದಿದ್ದಾರೆ. ನನ್ನ ಮಗಳು ಅದನ್ನು ಮೊಬೈಲಲ್ಲಿ ಕನ್ನಡಕ್ಕೆ ತಿರುಗಿಸಿ ಅಜ್ಜಿಗೆ ಓದಿದಳು. ‘ಫಿಡ್ಯೂಷಿಯರಿ’ ಅನ್ನುವ ಮಾತು ಇದ್ದಲ್ಲೆಲ್ಲ ‘ವಿಶ್ವಾಸಾರ್ಹ ಸಾಮರ್ಥ್ಯದಲ್ಲಿ’ ಅಂತ ಬಂತು. ಅಮ್ಮ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟು, “ವಿಶ್ವಾಸಾರ್ಹ ಅಂತ ನಾವೇ ಬರೆದುಕೊಟ್ಟ ಮೇಲೆ ಇನ್ನೇನು ಲೆಕ್ಕ ಕೇಳೋದು?” ಅಂದಳು. ನನಗೂ ಉತ್ತರ ಗೊತ್ತಾಗಲಿಲ್ಲ.

ಹಳೇ ಕಾಗದ ಹುಡುಕುವಾಗ ಅಜ್ಜನಿಗೆ ಯಾರೋ ಬರೆದುಕೊಟ್ಟ ಚೀಟಿಯೊಂದು ಸಿಕ್ಕಿತು. ಎಂಟು ಮಡಿಕೆ, ಮಡಿಕೆಯ ಜಾಗದಲ್ಲೆಲ್ಲ ಹರಿದಿದೆ. 1962ನೇ ಇಸವಿ, ಲಿಂಗನಮಕ್ಕಿ ಅಣೆಕಟ್ಟು ಕಟ್ಟುತ್ತಿದ್ದ ಕಾಲ. “ನಮ್ಮ ಮನೆ ಮುಳುಗಡೆಗೆ ಹೋಗುವುದರಿಂದ ಬೀಗ ಹಾಕಿದ ಹಲಸಿನ ಪೆಟ್ಟಿಗೆ 1, ತಾಮ್ರದ ಹಂಡೆ 2, ತಮ್ಮಲ್ಲಿ ಅಮಾನತು ಇಟ್ಟಿರುತ್ತೇನೆ. ಕೇಳಿದಾಗ ಕೊಡತಕ್ಕದ್ದು” ಅಂತ ಇದೆ. ಮಗಳು ಕೇಳುತ್ತಾಳೆ, ಅಮಾನತು ಅಂದರೆ ಸಸ್ಪೆಂಡ್ ಅಲ್ವಾ, ಪೆಟ್ಟಿಗೆಯನ್ನು ಯಾಕೆ ಸಸ್ಪೆಂಡ್ ಮಾಡಿದರು ಅಂತ. ಕಾನೂನು, ಭಾಷೆ ಎರಡೂ ಬಲ್ಲವರು ಇಲ್ಲಿದ್ದೀರಿ. ದಯವಿಟ್ಟು ಬಿಡಿಸಿ ಹೇಳಿ.

ತೀರ್ಥಹಳ್ಳಿ ಲಾಯರ್:

ಅಕ್ಕ, ಮೊದಲು ಅಮ್ಮನಿಗೆ ಹೇಳಿ: ಅದು ಹೊಗಳಿಕೆ ಅಲ್ಲ. ಮೊಬೈಲು ತಪ್ಪು ಮಾಡಿದೆ. ವಿಶ್ವಾಸಾರ್ಹ ಅನ್ನುವುದು ಮನುಷ್ಯನ ಗುಣ. ಫಿಡ್ಯೂಷಿಯರಿ ಅನ್ನುವುದು ಮನುಷ್ಯ ನಿಂತಿರುವ ಜಾಗ. ಇನ್ನೊಬ್ಬರ ಸ್ವತ್ತೋ ವ್ಯವಹಾರವೋ ನಂಬಿಕೆಯ ಮೇಲೆ ಯಾರ ಕೈಗೆ ಬಂದಿದೆಯೋ, ಆ ಕೈಗೆ ಕಾನೂನು ಹಾಕುವ ಕಟ್ಟು ಅದು. ಆತ ಒಳ್ಳೆಯವನೋ ಕೆಟ್ಟವನೋ ಎಂಬ ಮಾತೇ ಅಲ್ಲಿಲ್ಲ. ನಮ್ಮ ಕಡೆ ಕೆಲವರು ಇದಕ್ಕೆ ‘ವೈಶ್ವಾಸಿಕ’ ಅನ್ನುತ್ತಾರೆ. ನಾನು ಕಕ್ಷಿದಾರರಿಗೆ ‘ನಂಬಿ ಒಪ್ಪಿಸಿಕೊಂಡವನು’ ಅಂತ ಬಿಡಿಸಿ ಹೇಳುತ್ತೇನೆ, ಅದೇ ಬೇಗ ಅರ್ಥವಾಗುತ್ತದೆ.

ಪದ ಲ್ಯಾಟಿನ್ನಿನದು. ‘ಫೀಡೆಸ್’ ಅಂದರೆ ನಂಬಿಕೆ, ಕೊಟ್ಟ ಮಾತು. ಅದರಿಂದ ‘ಫಿಡೂಕಿಯಾ’. ಹಳೇ ರೋಮ್‌ನಲ್ಲಿ ಒಬ್ಬ ತನ್ನ ಸ್ವತ್ತನ್ನು ಸ್ನೇಹಿತನ ಹೆಸರಿಗೇ ಮಾಡಿಕೊಟ್ಟು, ಕೇಳಿದಾಗ ವಾಪಸು ಮಾಡಬೇಕು ಅಂತ ಮಾತು ತೆಗೆದುಕೊಳ್ಳುವುದಿತ್ತು. ದಾಖಲೆ ಪ್ರಕಾರ ಸ್ನೇಹಿತನೇ ಒಡೆಯ, ಮಾತಿನ ಪ್ರಕಾರ ಅಲ್ಲ. ಮಾತು ತಪ್ಪಿದವನ ಮೇಲೆ ದಾವೆ ಹೂಡಬಹುದಿತ್ತು. ಸೋತರೆ ಸ್ವತ್ತಿನ ಜೊತೆ ಅವನ ಮಾನವೂ ಹೋಗುತ್ತಿತ್ತು, ಅಪಕೀರ್ತಿಗೆ ಒಳಗಾದವನು ಅಂತ ಕಾನೂನೇ ಮುದ್ರೆ ಒತ್ತುತ್ತಿತ್ತು.

ನಮ್ಮಲ್ಲಿ 1882ರ ಭಾರತೀಯ ಟ್ರಸ್ಟ್ ಕಾಯ್ದೆಯ 88ನೇ ಕಲಂ ನೋಡಿ. ಟ್ರಸ್ಟಿ, ಪಾಲುದಾರ, ಏಜೆಂಟ್, ಕಂಪನಿಯ ಡೈರೆಕ್ಟರ್, ಕಾನೂನು ಸಲಹೆಗಾರ ಅಂತ ಹೆಸರಿಸಿ, ಇಂಥ ಸ್ಥಾನದಲ್ಲಿರುವ ಯಾರೇ ಆಗಲಿ ಆ ಸ್ಥಾನವನ್ನು ಬಳಸಿ ತನಗೆ ಲಾಭ ಮಾಡಿಕೊಂಡರೆ ಅದನ್ನು ನಂಬಿದವರ ಪರವಾಗಿಯೇ ಹಿಡಿದಿರಬೇಕು ಅನ್ನುತ್ತದೆ. ಪವರ್ ಆಫ್ ಅಟಾರ್ನಿ ಪಡೆದ ಚಿಕ್ಕಪ್ಪ ಕಾನೂನಿನ ಕಣ್ಣಿಗೆ ನಿಮ್ಮ ಏಜೆಂಟ್. 1872ರ ಕರಾರು ಕಾಯ್ದೆಯ 213ನೇ ಕಲಂ ಪ್ರಕಾರ ನೀವು ಕೇಳಿದಾಗ ಲೆಕ್ಕ ಒಪ್ಪಿಸುವುದು ಅವರ ಕರ್ತವ್ಯ. ‘ನಂಬಿ ಕೊಟ್ಟ ಮೇಲೆ ಲೆಕ್ಕ ಕೇಳಬಾರದು’ ಅಂತ ನಮ್ಮ ಊರುಗಳಲ್ಲಿ ಒಂದು ದಾಕ್ಷಿಣ್ಯ ಇದೆಯಲ್ಲ, ಕಾನೂನು ಅದಕ್ಕೆ ಪೂರ್ತಿ ಉಲ್ಟಾ. ನಂಬಿ ಕೊಟ್ಟಿದ್ದಕ್ಕೇ ಲೆಕ್ಕ ಕೇಳುವ ಹಕ್ಕು.

ಮಳಿಗೆಯ ವಿಷಯ ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಇದೇ ಕಥೆ 1726ರಲ್ಲಿ ಇಂಗ್ಲೆಂಡಿನಲ್ಲಿ ನಡೆದಿದೆ. ಕೀಚ್ ಮತ್ತು ಸ್ಯಾಂಡ್‌ಫೋರ್ಡ್ ಮೊಕದ್ದಮೆ ಅಂತ ಕಾನೂನು ಓದಿದವರಿಗೆಲ್ಲ ಬಾಯಿಪಾಠ. ಲಂಡನ್ ಹತ್ತಿರದ ರಾಮ್‌ಫರ್ಡ್ ಸಂತೆಯ ಗುತ್ತಿಗೆ ಒಬ್ಬನ ಕೈಯಲ್ಲಿತ್ತು. ಆತ ಅದನ್ನು ಒಂದು ಮಗುವಿಗಾಗಿ ನೋಡಿಕೊಳ್ಳಲು ಟ್ರಸ್ಟಿಗೆ ಒಪ್ಪಿಸಿದ. ಗುತ್ತಿಗೆ ಮುಗಿಯಿತು. ಮಾಲೀಕ ಮಗುವಿನ ಹೆಸರಿಗೆ ಮಾಡಿಕೊಡಲ್ಲ ಅಂದ. ಟ್ರಸ್ಟಿ ತನ್ನ ಹೆಸರಿಗೆ ಮಾಡಿಸಿಕೊಂಡ. ನ್ಯಾಯಾಧೀಶ ಲಾರ್ಡ್ ಕಿಂಗ್ ಏನಂದರು ಗೊತ್ತಾ? ಇಲ್ಲಿ ಮೋಸ ನಡೆದಿದೆ ಅಂತ ನಾನು ಹೇಳುತ್ತಿಲ್ಲ; ಆದರೂ ಇಡೀ ಮನುಕುಲದಲ್ಲಿ ಈ ಗುತ್ತಿಗೆಯನ್ನು ಹಿಡಿಯಬಾರದವನು ಒಬ್ಬನೇ, ಅವನೇ ಈ ಟ್ರಸ್ಟಿ; ತಾನು ಹಿಡಿಯುವುದಕ್ಕಿಂತ ಅದು ಮುಗಿದುಹೋಗಲಿ ಅಂತ ಬಿಡಬೇಕಿತ್ತು ಅಂದರು. ಗುತ್ತಿಗೆಯೂ ಮಗುವಿಗೆ, ಬಂದ ಲಾಭವೂ ಮಗುವಿಗೆ. ‘ಮಾಲೀಕರೇ ಕೊಡಲ್ಲ ಅಂದರು, ನಾನೇನು ಮಾಡಲಿ’ ಅನ್ನುವ ಉತ್ತರಕ್ಕೆ ಮುನ್ನೂರು ವರ್ಷದ ಹಿಂದೆಯೇ ಬಾಗಿಲು ಹಾಕಿದೆ. ನಿಮ್ಮ ಪ್ರಕರಣದಲ್ಲಿ ಕೋರ್ಟು ಹೀಗೇ ಹೇಳುತ್ತದೆ ಅಂತ ಕಾಗದಪತ್ರ ನೋಡದೆ ನಾನು ಮಾತು ಕೊಡಲಾರೆ. ಆದರೆ ನಿಮ್ಮ ವಕೀಲರು ಆ ಪದವನ್ನು ಸುಮ್ಮನೆ ಹಾಕಿಲ್ಲ.

ನಿವೃತ್ತ ಅಮೀನ, ಶಿವಮೊಗ್ಗ:

ತಂಗೀ, ನಿನ್ನ ಮಗಳ ಪ್ರಶ್ನೆಗೆ ನಾನು ಉತ್ತರ ಹೇಳಬೇಕು, ಯಾಕಂದ್ರೆ ಆ ಪದದಲ್ಲೇ ನಾನು 31 ವರ್ಷ ಅನ್ನ ತಿಂದಿದ್ದೀನಿ. ಕೋರ್ಟಿನಲ್ಲಿ ಸಮನ್ಸ್ ಜಾರಿ ಮಾಡೋದು, ಜಪ್ತಿಗೆ ಹೋಗೋದು ಅಮೀನನ ಕೆಲಸ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಮೀನ ಅಂದ್ರೆ ಏನು ಅಂತ ನನಗೇ ಗೊತ್ತಿರಲಿಲ್ಲ. ನಮ್ಮ ಶಿರಸ್ತೇದಾರರು ಹೇಳಿದ್ರು: “ಅಮೀನ ಅಂದ್ರೆ ನಂಬಿ ಒಪ್ಪಿಸಬಹುದಾದವನು. ಅಮಾನತ್ ಅಂದ್ರೆ ನಂಬಿ ಒಪ್ಪಿಸಿದ್ದು.” ಎರಡೂ ಅರಬ್ಬಿ ಮಾತು, ಪಾರಸಿಯ ದಾರಿಯಲ್ಲಿ ನಮ್ಮ ದಫ್ತರಕ್ಕೆ ಬಂದಿದ್ದು. ಈಮಾನ್, ಇಮಾನ್ದಾರ ಅಂತೀವಲ್ಲ, ಅದೂ ಅದೇ ಬೇರಿನದು. ತುಮಕೂರಿನ ಅಮಾನಿಕೆರೆ ಕೇಳಿದ್ದೀಯಲ್ಲ, ಗುತ್ತಿಗೆಗೆ ಕೊಡದೆ ಸರ್ಕಾರವೇ ಕೈಯಲ್ಲಿಟ್ಟುಕೊಂಡು ನೋಡ್ಕೊಳ್ತಿದ್ದದ್ದಕ್ಕೆ ಅಮಾನಿ ಅಂತಿದ್ರು. ಅದೂ ಇದೇ ಮನೆತನದ ಪದ.

ಈಗ ಸಸ್ಪೆಂಡ್ ಹೇಗೆ ಬಂತು? ಆದೇಶದಲ್ಲಿ ‘ಅಮಾನತ್ತಿನಲ್ಲಿ ಇಡಲಾಗಿದೆ’ ಅಂತ ಬರೀತಾರೆ. ಇಡೋದು ಅನ್ನೋ ಮಾತು ನೋಡು. ವಜಾ ಅಂದ್ರೆ ನೌಕರಿ ಹೋಯ್ತು. ಅಮಾನತು ಅಂದ್ರೆ ಹೋಗಿಲ್ಲ, ಎತ್ತಿಟ್ಟಿದ್ದಾರೆ. ವಿಚಾರಣೆ ಮುಗಿಯೋವರೆಗೂ ಜೀವನಾಧಾರ ಭತ್ಯೆ ಕೊಡ್ತಾರೆ, ತಪ್ಪಿಲ್ಲ ಅಂತಾದ್ರೆ ಹುದ್ದೆ ವಾಪಸು ಕೊಡ್ತಾರೆ. ನಾನು ಅರ್ಥ ಮಾಡಿಕೊಂಡಿರೋದು ಹೀಗೆ. ಪೇಪರಿನವರು ದಿನಾ ಇಂಥವರು ಅಮಾನತು, ಅಂಥವರು ಅಮಾನತು ಅಂತ ಬರೆದೂ ಬರೆದೂ ಹಳೇ ಅರ್ಥ ಮರೆತೇ ಹೋಯ್ತು. ನನಗೆ ಇದು ಬೇಜಾರಿನ ವಿಷಯ. ಅಷ್ಟು ಮರ್ಯಾದೆಯ ಪದ, ಈಗ ಬೈಗುಳದ ಹಾಗೆ ಕೇಳ್ತದೆ.

ಜಪ್ತಿ ಮಾಡಿದ ಮಾಲನ್ನ ನಾವು ಎಷ್ಟೋ ಸಲ ಅದೇ ಊರಿನ ಒಬ್ಬರ ಜಿಮ್ಮೆಗೆ ಕೊಟ್ಟು ರುಜು ಹಾಕಿಸ್ಕೊಂಡು ಬರ್ತಿದ್ವಿ. ಒಂದು ಸಲ ಹುಂಚದ ಕಡೆ ಒಬ್ಬ ಬಡ ರೈತರ ಜಿಮ್ಮೆಗೆ ಒಂದು ಜೊತೆ ಕಾಲುದೀಪ ಕೊಟ್ಟಿದ್ದೆ. ನಾಲ್ಕು ವರ್ಷ ಆದ ಮೇಲೆ ಆರ್ಡರ್ ಆಗಿ ವಾಪಸು ತಗೊಳ್ಳೋಕೆ ಹೋದ್ರೆ, ಗೋಣಿತಾಟು ಸುತ್ತಿ ಅಟ್ಟದ ಮೇಲಿಟ್ಟಿದ್ರು. ಬಿಚ್ಚಿದ್ರೆ ನಾನು ಕಟ್ಟಿದ ಚೀಟಿ, ನಾನು ಹಾಕಿದ ಗಂಟು ಹಾಗೇ ಇದೆ. “ದೀಪಾವಳಿಗೂ ಹಚ್ಚಲಿಲ್ವಾ ಯಜಮಾನ್ರೇ?” ಅಂದೆ. “ನಮ್ದಲ್ವಲ್ಲ” ಅಂದ್ರು. ತೀರ್ಥಹಳ್ಳಿ ಲಾಯರು ಹೇಳಿದ ಇಂಗ್ಲಿಷ್ ಪದ ಇದೆಯಲ್ಲ, ಅದಕ್ಕೆ ನನಗೆ ಗೊತ್ತಿರೋ ಕನ್ನಡ ಇದೇ: ನಮ್ದಲ್ವಲ್ಲ.

ಚೀಟಿಯ ಹಿಂಬದಿ ನೋಡಿದ್ಯಾ? ಆ ಕಾಲದವರು ವಾಪಸು ಕೊಟ್ಟಾಗ ಅದರ ಬೆನ್ನ ಮೇಲೇ ಬರೆಸ್ಕೊಳ್ತಿದ್ರು. ನೋಡಿ ಹೇಳು.

ಅಣ್ಣನ ತೋಟ ನೋಡಿಕೊಳ್ಳುವವನು, ಕೊಪ್ಪ:

ಎಲ್ಲರೂ ಚಿಕ್ಕಪ್ಪನ ಮೇಲೆ ಬಿದ್ದಿದ್ದೀರಿ, ನನ್ನದೂ ಒಂದು ಮಾತು ಕೇಳಿ. ನಾನೂ ಅಂಥದೇ ಚಿಕ್ಕಪ್ಪ. ಅಣ್ಣನ ಮಕ್ಕಳು ಹೊರಗಿದ್ದಾರೆ, 11 ವರ್ಷದಿಂದ ತೋಟ ನನ್ನ ಮೇಲಿದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಸಬೇಕು. ಮಳೆ ಬಿಡುವು ಕೊಟ್ಟ ಎರಡು ದಿನದಲ್ಲಿ ಮರ ಹತ್ತುವವರನ್ನು ಹುಡುಕಿ, ಅವರ ಕೈಕಾಲು ಹಿಡಿದು ಕರೆತರಬೇಕು. ಒಂದು ಸುತ್ತು ತಪ್ಪಿದರೆ ಎಳೆಕಾಯಿ ಉದುರಿ ತೋಟದ ತುಂಬ ಹಾಸಿಕೊಳ್ಳುತ್ತದೆ. ಆ ಖರ್ಚು, ಆ ಓಡಾಟ ಯಾವ ಮಂಡಿಯ ಚೀಟಿಯಲ್ಲೂ ಬರೆದಿರುವುದಿಲ್ಲ. ಲೆಕ್ಕ ಬರೆದಿಡದೇ ಇರುವುದು ಕಳ್ಳತನವಲ್ಲ ತಂಗಿ, ಬಹಳ ಸಲ ಅದು ಸುಸ್ತು. ಪೊಲೀಸು, ನಂಬಿಕೆ ದ್ರೋಹ ಅಂತ ಹೋಗಬೇಡಿ. ನಮ್ಮಂಥವರ ದುಡಿಮೆಗೆ ನಿಮ್ಮ ಕಾನೂನಲ್ಲಿ ಬೆಲೆ ಇದೆಯಾ, ಅದನ್ನೂ ಲಾಯರು ಹೇಳಲಿ.

ತೀರ್ಥಹಳ್ಳಿ ಲಾಯರ್:

ಕೊಪ್ಪದ ಅಣ್ಣಾ, ನ್ಯಾಯವಾದ ಪ್ರಶ್ನೆ. ಇದೆ. ಟ್ರಸ್ಟ್ ಕಾಯ್ದೆಯ 32ನೇ ಕಲಂ ಪ್ರಕಾರ ಟ್ರಸ್ಟಿ ಸ್ವತ್ತಿಗಾಗಿ ಸರಿಯಾಗಿ ಮಾಡಿದ ಖರ್ಚನ್ನು ಅದರಿಂದಲೇ ತೆಗೆದುಕೊಳ್ಳಬಹುದು. ಏಜೆಂಟಿಗೂ ಅವನ ಖರ್ಚು, ಮಾತಾಡಿಕೊಂಡ ಸಂಭಾವನೆ ಕಳೆದುಕೊಂಡು ಉಳಿದದ್ದು ಒಪ್ಪಿಸುವ ಅವಕಾಶ ಇದೆ. ಬೋರ್ಡೋ ಖರ್ಚು, ಆಳಿನ ಕೂಲಿ, ಬೇಯಿಸಿದ ಕಟ್ಟಿಗೆ ಎಲ್ಲ ಹಿಡಿಯಿರಿ. ಆದರೆ ಮೊದಲೇ ಮಾತಾಡಿಕೊಳ್ಳದ ಸಂಬಳವನ್ನು ಟ್ರಸ್ಟಿ ತಾನೇ ಗೊತ್ತುಮಾಡಿಕೊಂಡು ತೆಗೆದುಕೊಳ್ಳುವಂತಿಲ್ಲ, 50ನೇ ಕಲಂ. ಅದಕ್ಕೇ ನೀವು ಈ ವರ್ಷವೇ ಅಣ್ಣನ ಮಕ್ಕಳ ಜೊತೆ ಕೂತು ನಿಮ್ಮ ದುಡಿಮೆಗೆ ಇಷ್ಟು ಅಂತ ಬರೆಸಿಕೊಳ್ಳಿ. ದಯವಿಟ್ಟು. ನಾನು ಕಂಡ ಜಗಳಗಳಲ್ಲಿ ಅರ್ಧ ಇಲ್ಲೇ ಹುಟ್ಟಿದ್ದು.

ಪೊಲೀಸಿನ ಮಾತು ಬೇರೆ. ನಂಬಿಕೆ ದ್ರೋಹ ಅನ್ನುವ ಅಪರಾಧ ಹಿಂದೆ ದಂಡ ಸಂಹಿತೆಯ 405ನೇ ಕಲಮಿನಲ್ಲಿತ್ತು, 2024ರ ಜುಲೈ 1ರಿಂದ ನ್ಯಾಯ ಸಂಹಿತೆಯ 316ರಲ್ಲಿದೆ. ಅದಕ್ಕೆ ಅಪ್ರಾಮಾಣಿಕ ಉದ್ದೇಶ ಸಾಬೀತಾಗಬೇಕು. ಫಿಡ್ಯೂಷಿಯರಿಗೆ ಅದು ಬೇಕಿಲ್ಲ. ಚಿಕ್ಕಪ್ಪ ಕಳ್ಳ ಅಂತ ಒಂದು ಅಕ್ಷರವನ್ನೂ ಬರೆಯದೆ ಲೆಕ್ಕ ಕೇಳಬಹುದು. ನನಗೆ ಈ ಪದದ ಮೇಲೆ ಪ್ರೀತಿ ಇರುವುದೇ ಅದಕ್ಕೆ. ಸಂಬಂಧ ಕಡಿಯದೆ ನ್ಯಾಯ ಕೇಳುವ ದಾರಿ ಅದರಲ್ಲಿದೆ.

ಹೊಸನಗರದ ಅಕ್ಕನಿಗೆ ಒಂದು ಎಚ್ಚರಿಕೆ. ಇಂಥ ಹಣದ ದಾವೆಗೆ ಅವಧಿ ಮೂರು ವರ್ಷ. ಏಜೆನ್ಸಿ ನಡೆಯುತ್ತಿರುವಾಗ, ನೀವು ಲೆಕ್ಕ ಕೇಳಿ ಅವರು ಕೊಡಲ್ಲ ಅಂದ ದಿನದಿಂದ ಎಣಿಕೆ. ನೀವು ಇದುವರೆಗೆ ಒಮ್ಮೆಯಾದರೂ ಬಾಯಿಬಿಟ್ಟು ಕೇಳಿದ್ದೀರಾ?

ಸಂಸ್ಕೃತ ಮೇಷ್ಟ್ರು, ಸಾಗರ:

ರೋಮ್, ಲಂಡನ್, ಅರಬ್ ದೇಶ ಎಲ್ಲ ಆಯಿತು, ನಮ್ಮ ಕಲ್ಯಾಣವನ್ನು ಬಿಟ್ಟಿರಲ್ಲ! ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ, ಆರನೇ ವಿಕ್ರಮಾದಿತ್ಯ ಆಳಿದ ಕಲ್ಯಾಣದವನು, ಇಂದಿನ ಬಸವಕಲ್ಯಾಣ. ವಿಕ್ರಮಾದಿತ್ಯ ಪಟ್ಟಕ್ಕೆ ಬಂದದ್ದು 1076ರಲ್ಲಿ. ಹಿಂದೂ ಕುಟುಂಬದ ಆಸ್ತಿ ವಿಚಾರದಲ್ಲಿ ಇವತ್ತಿಗೂ ನ್ಯಾಯಾಲಯಗಳಲ್ಲಿ ಮಿತಾಕ್ಷರದ ಹೆಸರು ಕೇಳಿಬರುತ್ತದೆ.

ಆ ಸ್ಮೃತಿಯಲ್ಲಿ ಇದಕ್ಕೇ ಒಂದು ಪ್ರಕರಣ ಇದೆ. ಎಣಿಸಿ ತೋರಿಸಿ ಒಪ್ಪಿಸಿದರೆ ನಿಕ್ಷೇಪ. ಒಳಗೇನಿದೆ ಅಂತ ಹೇಳದೆ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ ಒಪ್ಪಿಸಿದರೆ ಔಪನಿಧಿಕ, ಅದನ್ನು ‘ತಥೈವ’, ಅಂದರೆ ಹೇಗಿತ್ತೋ ಹಾಗೆಯೇ ಹಿಂದಿರುಗಿಸಬೇಕು. ತಂಗಿಯ ಅಜ್ಜನಲ್ಲಿ ಇಟ್ಟ ಬೀಗದ ಪೆಟ್ಟಿಗೆ ಔಪನಿಧಿಕ, ಹಂಡೆಗಳು ನಿಕ್ಷೇಪ. ಒಂದೇ ಚೀಟಿಯಲ್ಲಿ ಎರಡೂ ಇವೆ! ರಾಜನೋ ದೈವವೋ ಕಳ್ಳರೋ ಅಪಹರಿಸಿದರೆ ಇಟ್ಟುಕೊಂಡವನ ಮೇಲೆ ಹೊಣೆಯಿಲ್ಲ. ಆದರೆ ಕೇಳಿದಾಗ ಕೊಡದೆ ಆಮೇಲೆ ಹಾಳಾದರೆ ಅದರ ಬೆಲೆಯನ್ನೂ ಅಷ್ಟೇ ದಂಡವನ್ನೂ ತೆರಬೇಕು. ಲಾಯರು ‘ಕೇಳಿದ್ದೀರಾ’ ಅಂದರಲ್ಲ, ಅದೇ. ಇಟ್ಟ ವಸ್ತುವನ್ನು ತನ್ನಿಚ್ಛೆಯಿಂದ ಬಳಸಿ ಜೀವನ ಮಾಡಿದವನು ‘ಸೋದಯ’ವಾಗಿ ಕೊಡಬೇಕು ಅಂತಲೂ ಇದೆ. ಉದಯ ಅಂದರೆ ಹುಟ್ಟುವಳಿ. ಬಡ್ಡಿಯೋ ಲಾಭವೋ, ಅದರಿಂದ ಹುಟ್ಟಿದ್ದರ ಸಮೇತ ಕೊಡಬೇಕು. ರಾಮ್‌ಫರ್ಡಿನ ಮಗುವಿಗೆ ಸಿಕ್ಕ ನ್ಯಾಯವೂ ಅದೇ.

ಹೊಸನಗರದವಳು:

ಎಲ್ಲರಿಗೂ ಕೈ ಮುಗಿದೆ. ಲಾಯರು ಕೇಳಿದ್ದಕ್ಕೆ ನಿಜ ಹೇಳುತ್ತೇನೆ. ಇಲ್ಲ. ಒಂದು ಸಲವೂ ಕೇಳಿಲ್ಲ. ಮನಸ್ಸಿನಲ್ಲೇ ಕೇಳಿಕೊಂಡಿದ್ದೇವೆ, ಫೋನಿನಲ್ಲಿ ನಾನೂ ತಮ್ಮನೂ ಮಾತಾಡಿಕೊಂಡಿದ್ದೇವೆ. ಅವರ ಎದುರು ಚೀಟಿ ಕೊಡಿ ಅಂತ ಯಾರೂ ಬಾಯಿ ಬಿಟ್ಟಿಲ್ಲ.

ನಿನ್ನೆ ಊರಿಗೆ ಹೋಗಿದ್ದೆ. ನೀವು ಬರೆದದ್ದನ್ನೆಲ್ಲ ಅಮ್ಮನಿಗೆ ಓದಿದೆ. ಕೊಪ್ಪದವರ ಮಾತು ಬಂದಾಗ “ಅದೂ ಸತ್ಯ” ಅಂದಳು. 2013ರ ಮಳೆಗಾಲದಲ್ಲಿ ಚಿಕ್ಕಪ್ಪ ಜ್ವರದಲ್ಲೇ ನಿಂತು ಔಷಧಿ ಹೊಡೆಸಿದ್ದನ್ನು ನೆನೆಸಿಕೊಂಡಳು. ಹುಂಚದ ದೀಪದ ಕಥೆಯನ್ನು ಎರಡು ಸಲ ಓದಿಸಿದಳು.

ಆಮೇಲೆ ಚೀಟಿ ತೆಗೆದೆವು. ಅಮೀನರು ಹೇಳಿದ ಹಾಗೆ ಹಿಂಬದಿ ನೋಡಿದರೆ ಬರಹ ಇದೆ, ಪೆನ್ಸಿಲಿನದು, ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದು ಎರಡು ವರ್ಷದ ಮೇಲೆ, 1966ರದ್ದು. “ಸದರಿ ಪೆಟ್ಟಿಗೆ ಬೀಗ ಸಮೇತ ಮುಟ್ಟಿತು. ಹಂಡೆ 2 ಮುಟ್ಟಿತು. ಹಂಡೆಯ ಕಿವಿ ಬೆಸೆಸಿದ ಖರ್ಚು ರೂ. 3 ಕೊಟ್ಟಿರುತ್ತೇನೆ.” ಕೆಳಗೆ ನೀಲಿ ಹೆಬ್ಬೆಟ್ಟು. ನಾಲ್ಕು ವರ್ಷ ಆ ಪೆಟ್ಟಿಗೆ ನಮ್ಮ ಮನೆಯ ಮಾಳಿಗೆಯಲ್ಲಿತ್ತು, ಒಳಗೇನಿತ್ತು ಅಂತ ನಮ್ಮ ಮನೆಯಲ್ಲಿ ಯಾರಿಗೂ ಇವತ್ತಿಗೂ ಗೊತ್ತಿಲ್ಲ.

ಅಮ್ಮ ಆ ಹೆಬ್ಬೆಟ್ಟಿನ ಮೇಲೆ ಬೆರಳಾಡಿಸಿ, “ನೋಟಿಸಿನಲ್ಲಿ ಆ ಪದ ಹಾಗೇ ಇರಲಿ. ಆದರೆ ಅಂಚೆಗೆ ಹಾಕುವುದಕ್ಕೆ ಮೊದಲು ನಾವೇ ಹೋಗಿ ಕೇಳೋಣ. ಈ ಚೀಟಿ ತಗೊಂಡು ಹೋಗೋಣ, ಅದು ಅವನ ಅಪ್ಪನದೂ ಹೌದಲ್ಲ” ಅಂದಳು. ಭಾನುವಾರ ಬೆಳಿಗ್ಗೆ ನಾನು, ಅಮ್ಮ, ತಮ್ಮ ಮೂವರೂ ಹೋಗುತ್ತೇವೆ. ಲೆಕ್ಕ ಕೇಳಿ ಒಂದು ಕಾಗದವನ್ನೂ ಕನ್ನಡದಲ್ಲೇ ಬರೆದು ತಾರೀಕು ಹಾಕಿ ಇಟ್ಟುಕೊಂಡಿದ್ದೇನೆ, ಖರ್ಚಿನ ಪಟ್ಟಿಗೆ ಎರಡು ಹಾಳೆ ಖಾಲಿ ಬಿಟ್ಟಿದ್ದೇನೆ.